ಕೌನ್ಸಿಲರ್ ಆಗಿದ್ದವರು ಪಾರ್ಲಿಮೆಂಟಿಗೆ ಹೋಗೋ ದಾರಿ: ಐರ್ಲೆಂಡಿನ ಕ್ಯಾಥರೀನ್ ಕಾನೊಲಿ ಬಗ್ಗೆ ಗೊತ್ತಿರೋರು ಹೇಳಿ

ಕ್ಯಾತ್ಸಂದ್ರ_ಹೆಣ್ಮಗಳು:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು. ಪಾಲಿಕೆಗೆ ಮುಂದಿನ ಚುನಾವಣೆ ಯಾವಾಗ ಬಂದರೂ ನಮ್ಮ ವಾರ್ಡಿನಿಂದ ಪಕ್ಷೇತರಳಾಗಿ ನಿಲ್ಲಬೇಕು ಅಂತ ಮನಸ್ಸು ಮಾಡಿದ್ದೇನೆ. ಮನೆಯಲ್ಲಿ ಯಾರೂ ಬೇಡ ಅಂದಿಲ್ಲ. ಆದರೆ ಹೊರಗೆ ಯಾರನ್ನು ಕೇಳಿದರೂ ಒಂದೇ ಮಾತು. ಪಕ್ಷ ಇಲ್ಲ, ದುಡ್ಡಿಲ್ಲ, ಅಕಸ್ಮಾತ್ ಗೆದ್ದರೂ ಕೌನ್ಸಿಲರ್ ಆಗಿ ಅಲ್ಲಿಗೇ ನಿಂತುಬಿಡ್ತೀಯ ಅಂತಾರೆ.

ಈ ಮಾತು ಕೇಳಿ ಕೇಳಿ ಬೇಜಾರಾಗಿತ್ತು. ಆಗ ಕ್ಯಾಥರೀನ್ ಕಾನೊಲಿ ಬಗ್ಗೆ ಓದಿದೆ. 2025ರ ನವೆಂಬರ್ 11ರಂದು ಐರ್ಲೆಂಡಿನ ರಾಷ್ಟ್ರಪತಿಯಾಗಿ ಪ್ರಮಾಣವಚನ ತೆಗೆದುಕೊಂಡವರು. ಪೇಪರಿನವರೆಲ್ಲ ಅದನ್ನೇ ದೊಡ್ಡದಾಗಿ ಬರೆದರು. ನನ್ನ ಕಣ್ಣು ಬಿದ್ದಿದ್ದು ಮಾತ್ರ ಅದರ ಹಿಂದಿನ ವರ್ಷಗಳ ಮೇಲೆ. ಗಾಲ್ವೇ ಅನ್ನೋ ಊರಲ್ಲಿ 14 ಮಕ್ಕಳಿದ್ದ ಮನೆಯಲ್ಲಿ ಹುಟ್ಟಿದವರು. ಇನ್ನೂ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಓದಿ ಮನಶ್ಶಾಸ್ತ್ರಜ್ಞೆ ಆದರು, ಆಮೇಲೆ ಕಾನೂನು ಓದಿ ವಕೀಲೆಯೂ ಆದರು. 1999ರಲ್ಲಿ ಲೇಬರ್ ಪಕ್ಷದಿಂದ ನಗರ ಕೌನ್ಸಿಲ್‌ಗೆ ಗೆದ್ದರು, 2004ರಲ್ಲಿ ಒಂದು ವರ್ಷಕ್ಕೆ ಮೇಯರ್ ಆದರು. ಆಮೇಲೆ ಪಕ್ಷ ಬಿಟ್ಟರು. 2007ರಲ್ಲಿ ಪಾರ್ಲಿಮೆಂಟಿಗೆ ಪಕ್ಷೇತರರಾಗಿ ನಿಂತು ಸೋತರು. 2011ರಲ್ಲಿ ಮತ್ತೆ ನಿಂತು ಮತ್ತೆ ಸೋತರು, ಅದೂ ಬರೀ 17 ಮತದಿಂದ! ಕೊನೆಗೆ 2016ರಲ್ಲಿ ಗೆದ್ದು ಡಾಲ್‌ಗೆ, ಅಂದರೆ ನಮ್ಮ ಲೋಕಸಭೆ ಥರದ ಅಲ್ಲಿನ ಕೆಳಮನೆಗೆ ಹೋದರು.

ನಾನು ಕೇಳಬೇಕು ಅಂತಿರೋದು ಇಷ್ಟು. ಪಕ್ಷ ಬಿಟ್ಟ ಮೇಲೆ, ಎರಡು ಸಲ ಸೋತ ಮೇಲೆ, ಒಬ್ಬ ಹೆಂಗಸು ಅಷ್ಟು ವರ್ಷ ರಾಜಕೀಯದಲ್ಲಿ ಹೇಗೆ ಉಳಿದುಕೊಂಡರು? ಅಲ್ಲಿನ ವ್ಯವಸ್ಥೆಯಲ್ಲಿ ಏನಿದೆ? ಅದರಲ್ಲಿ ನಮಗೆ ದಕ್ಕೋದು ಏನಾದರೂ ಇದೆಯಾ?

ಸುಮ್ನೆ ಕುತೂಹಲಕ್ಕೆ ಕೇಳ್ತಿಲ್ಲ. ನಮ್ಮ ದೊಡ್ಡಮ್ಮ ತಾಲ್ಲೂಕು ಪಂಚಾಯಿತಿ ಸದಸ್ಯೆ ಆಗಿದ್ದರು. ಊರಿನ ಬೋರ್‌ವೆಲ್ ಮೋಟಾರು ಸುಟ್ಟರೆ ರಾತ್ರಿ ಹತ್ತಕ್ಕೂ ಫೋನ್ ಎತ್ತುತ್ತಿದ್ದರು. ಅಂಗನವಾಡಿ ಮೊಟ್ಟೆ ಲೆಕ್ಕ ಅವರ ಬಾಯಲ್ಲೇ ಇರುತ್ತಿತ್ತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಬರಲಿಲ್ಲ. ಸೋತು ಮನೆಗೆ ಹೋಗಿದ್ದರೆ ಒಂದು ಮಾತು. ಇವರಿಗೆ ಸೋಲೋ ಅವಕಾಶವೂ ಸಿಗಲಿಲ್ಲ. ಈಗ ಜನ ಅವರ ಹತ್ತಿರ ಅರ್ಜಿ ತರೋದನ್ನೇ ಬಿಟ್ಟಿದ್ದಾರೆ.

ಮಧುಗಿರಿ_ಮೇಷ್ಟ್ರು:

ಒಳ್ಳೆ ಪ್ರಶ್ನೆ ತಂಗಿ. ನಿಲ್ಲಬೇಕು ಅಂತ ಮನಸ್ಸು ಮಾಡಿದ್ದೀರಲ್ಲ, ಅದಕ್ಕೇ ಮೊದಲು ಸಂತೋಷ.

ಆ 17 ಮತದ ಕಥೆ ಅರ್ಥ ಆಗಬೇಕಾದರೆ ಅಲ್ಲಿ ಮತ ಹೇಗೆ ಹಾಕುತ್ತಾರೆ ಅನ್ನೋದು ಗೊತ್ತಿರಬೇಕು. ನಮ್ಮ ಭಾಗದ ಮೇಷ್ಟ್ರುಗಳಿಗೆ ಇದು ಸುಲಭ, ಯಾಕೆಂದರೆ ಆಗ್ನೇಯ ಶಿಕ್ಷಕರ ಕ್ಷೇತ್ರದಲ್ಲಿ ನಾವು ಮಾಡೋದು ಬಹುತೇಕ ಅದೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ದಾವಣಗೆರೆ ಮೇಷ್ಟ್ರುಗಳೆಲ್ಲ ಸೇರಿ ವಿಧಾನ ಪರಿಷತ್ತಿಗೆ ಒಬ್ಬರನ್ನು ಕಳಿಸ್ತೀವಿ. ಮಷೀನ್ ಇಲ್ಲ, ಕಾಗದ. ಮತಗಟ್ಟೆಯಲ್ಲಿ ಕೊಡೋ ನೇರಳೆ ಬಣ್ಣದ ಪೆನ್ನಲ್ಲಿ ಹೆಸರಿನ ಮುಂದೆ 1, 2, 3 ಅಂತ ಅಂಕಿ ಬರೀಬೇಕು. ಸ್ವಂತ ಪೆನ್ನು ತೆಗೆದರೆ, ಟಿಕ್ ಹಾಕಿದರೆ ಆ ಮತ ಹೋಯಿತು. ಎಣಿಕೆಯಲ್ಲಿ ಮೊದಲ ಪ್ರಾಶಸ್ತ್ಯಕ್ಕೆ ಯಾರೂ ದಡ ಮುಟ್ಟದಿದ್ದರೆ, ಕೊನೆಯಲ್ಲಿ ಇರೋರನ್ನು ಕೈಬಿಟ್ಟು ಅವರ ಕಾಗದಗಳಲ್ಲಿ 2 ಯಾರಿಗೆ ಇದೆಯೋ ಅವರಿಗೆ ಹಂಚುತ್ತಾ ಹೋಗ್ತಾರೆ.

ಐರ್ಲೆಂಡಿನಲ್ಲಿ ಎಲ್ಲ ಚುನಾವಣೆಗೂ ಹೀಗೇ, ಕೌನ್ಸಿಲ್‌ಗೂ ಹೀಗೇ, ಡಾಲ್‌ಗೂ ಹೀಗೇ. ವ್ಯತ್ಯಾಸ ಒಂದಿದೆ, ಅದೇ ದೊಡ್ಡದು. ಡಾಲ್‌ಗೆ ಒಂದೊಂದು ಕ್ಷೇತ್ರದಿಂದ ಮೂರು, ನಾಲ್ಕು ಅಥವಾ ಐದು ಜನ ಆಯ್ಕೆ ಆಗ್ತಾರೆ. ಕಾನೊಲಿ ನಿಂತ ಗಾಲ್ವೇ ಪಶ್ಚಿಮ ಐದು ಸೀಟಿನ ಕ್ಷೇತ್ರ. ಗೆಲ್ಲಲು ಬೇಕಾದ ಕೋಟಾ ಅಂದರೆ, ಸಿಂಧುವಾದ ಮತಗಳನ್ನು ಸೀಟಿನ ಸಂಖ್ಯೆಗಿಂತ ಒಂದು ಹೆಚ್ಚಿನಿಂದ ಭಾಗಿಸಿ ಒಂದು ಕೂಡಿಸೋದು. ಉದಾಹರಣೆಗೆ 60,000 ಮತ ಬಿದ್ದು ಐದು ಸೀಟಿದ್ದರೆ ಆರರಿಂದ ಭಾಗಿಸಿ 10,001. ಅಷ್ಟು ಬಂದರೆ ಆಯಿತು. ಮೊದಲನೇ ಸುತ್ತಲ್ಲೇ ಬರಬೇಕು ಅಂತಿಲ್ಲ, ಬೇರೆಯವರ ಎರಡನೇ ಮೂರನೇ ಪ್ರಾಶಸ್ತ್ಯ ಸೇರಿಕೊಂಡು ಬಂದರೂ ಆಯಿತು.

ಈಗ ಯೋಚನೆ ಮಾಡಿ. ಒಬ್ಬ ಮತದಾರ ತನ್ನ ಪಕ್ಷದವರಿಗೆ 1 ಕೊಡ್ತಾನೆ, ಅದನ್ನು ಬಿಡಲ್ಲ. ಆದರೆ ತನ್ನ ಬೀದಿಯ ಮೋರಿ ಸರಿ ಮಾಡಿಸಿದ, ಅತ್ತೆಯ ಮನೆ ಅರ್ಜಿಗೆ ಓಡಾಡಿದ ಕೌನ್ಸಿಲರಮ್ಮನಿಗೆ 3 ಅಂತ ಬರೆಯೋಕೆ ಅವನಿಗೆ ಏನೂ ನಷ್ಟ ಇಲ್ಲ. ಮತ ಹಾಳಾಗುತ್ತೆ ಅನ್ನೋ ಭಯ ಇಲ್ಲ. ಪಕ್ಷ ಇಲ್ಲದವರು ಬದುಕೋದು ಈ 2, 3, 4ರಲ್ಲೇ. ಕೌನ್ಸಿಲ್‌ನಲ್ಲಿ ಮಾಡಿದ ಕೆಲಸ ಅಲ್ಲಿ ಹೀಗೆ ಮತವಾಗಿ ವಾಪಸ್ ಬರುತ್ತೆ.

2011ರಲ್ಲಿ ಆಗಿದ್ದೂ ಇದೇ. ಐದನೇ ಸೀಟಿಗೆ ಕಾನೊಲಿ ಮತ್ತು ಫಿನೆ ಗೇಲ್ ಪಕ್ಷದ ಶಾನ್ ಕೈನ್ ಮಧ್ಯೆ ಪೈಪೋಟಿ. ದಿನಗಟ್ಟಲೆ ಮರುಎಣಿಕೆ ಆಯಿತು. ಒಂದೊಂದೇ ಕಾಗದ ಮತ್ತೆ ತೆಗೆದು ನೋಡಿದರು. ಕೊನೆಗೆ 17 ಮತದಿಂದ ಸೀಟು ಅವರ ಕೈ ತಪ್ಪಿತು. ಆದರೆ ಅವರು ಬೀದಿಗೆ ಬೀಳಲಿಲ್ಲ. 2009ರ ಸ್ಥಳೀಯ ಚುನಾವಣೆಯಲ್ಲಿ ಪಕ್ಷೇತರರಾಗಿಯೇ ಗೆದ್ದ ಕೌನ್ಸಿಲ್ ಸೀಟು ಹಾಗೇ ಇತ್ತು. ಮತ್ತೆ 2014ರಲ್ಲೂ ಗೆದ್ದರು. ಪಾರ್ಲಿಮೆಂಟಿಗೆ ಸೋತವರಿಗೆ ಊರಲ್ಲಿ ಕೂರೋಕೆ ಒಂದು ಕುರ್ಚಿ, ಕೇಳೋಕೆ ಒಂದು ಸಭೆ, ಜನ ಬರೋಕೆ ಒಂದು ಕಾರಣ ಇತ್ತು. ಅವರು ಹೇಗೆ ಉಳಿದರು ಅನ್ನೋ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು.

ಇನ್ನೊಂದು ಮಾತು, ಅವರು ಪಕ್ಷ ಬಿಟ್ಟಿದ್ದರ ಬಗ್ಗೆ. 2007ಕ್ಕೆ ಲೇಬರ್ ಪಕ್ಷದ ಅಭ್ಯರ್ಥಿ ಮೈಕಲ್ ಡಿ ಹಿಗಿನ್ಸ್. ಬಹುಸದಸ್ಯ ಕ್ಷೇತ್ರ ಆದ್ದರಿಂದ ಅವರ ಜೊತೆಗೇ ಎರಡನೇ ಅಭ್ಯರ್ಥಿಯಾಗಿ ನಿಲ್ಲಬೇಕು ಅಂತ ಕಾನೊಲಿ ಕೇಳಿದರು, ಪಕ್ಷ ಒಪ್ಪಲಿಲ್ಲ. ಆ ಹಿಗಿನ್ಸ್ ಕೂಡ ಅದೇ ಗಾಲ್ವೇ ನಗರದ ಕೌನ್ಸಿಲರ್ ಆಗಿದ್ದವರು, ಎರಡು ಸಲ ಮೇಯರ್ ಆಗಿದ್ದವರು, 2011ರಿಂದ 2025ರವರೆಗೆ ರಾಷ್ಟ್ರಪತಿ ಆಗಿದ್ದವರು. ಒಂದೇ ಊರಿನ ನಗರ ಸಭೆಯಿಂದ ಒಬ್ಬರ ಹಿಂದೆ ಒಬ್ಬರು ಇಬ್ಬರು ರಾಷ್ಟ್ರಪತಿಗಳು! 2025ರಲ್ಲಿ ಕಾನೊಲಿಗೆ ಬೆಂಬಲ ಕೊಟ್ಟ ಪಕ್ಷಗಳಲ್ಲಿ ಅದೇ ಲೇಬರ್ ಪಕ್ಷವೂ ಇತ್ತು.

ಗೌರಿಬಿದನೂರು_ಟು_ಗಾಲ್ವೇ:

ನಾನು ಗೌರಿಬಿದನೂರಿನವಳು. ನರ್ಸ್ ಕೆಲಸಕ್ಕೆ ಅಂತ ಗಾಲ್ವೇಗೆ ಹೋಗಿ ಹಲವು ವರ್ಷ ಇದ್ದೆ, ಈಗ ಊರಿಗೆ ಬಂದಿದ್ದೇನೆ. ಈ ಚರ್ಚೆ ನೋಡಿ ಸುಮ್ಮನಿರೋಕೆ ಆಗಲಿಲ್ಲ.

ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಒಂದು ಹೇಳ್ತೀನಿ. ಐರ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕೋಕೆ ಅಲ್ಲಿನ ಪೌರತ್ವ ಬೇಡ. ಅಲ್ಲಿ ವಾಸ ಇದ್ದು, ಹದಿನೆಂಟು ತುಂಬಿ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ನಿಲ್ಲಲೂಬಹುದು. ಡಾಲ್ ಚುನಾವಣೆಗೆ ಈ ಹಕ್ಕಿಲ್ಲ, ಕೌನ್ಸಿಲ್‌ಗೆ ಮಾತ್ರ. ಹಾಗಾಗಿ 2014ರ ಮೇ ತಿಂಗಳಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನು ಗಾಲ್ವೇಯಲ್ಲಿ ಮತ ಹಾಕಿದೆ. ಅದೇ ತಿಂಗಳು ಇಲ್ಲಿ ಲೋಕಸಭೆ ಚುನಾವಣೆಯ ಫಲಿತಾಂಶ ಬಂದಿತ್ತು. ಇಲ್ಲಿ ನನ್ನ ಮತ ಹಾಕೋಕೆ ಆಗಿರಲಿಲ್ಲ, ಅಲ್ಲಿ ಹಾಕಿದೆ.

ಬ್ಯಾಲೆಟ್ ಕಾಗದ ಉದ್ದಕ್ಕೆ ಇರುತ್ತೆ. ಅಭ್ಯರ್ಥಿಗಳ ಫೋಟೋ ಬಣ್ಣದಲ್ಲಿ, ಪಕ್ಷದ ಗುರುತು ಪಕ್ಕದಲ್ಲಿ, ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ. ದಾರಕ್ಕೆ ಕಟ್ಟಿದ ಪೆನ್ಸಿಲ್‌ನಲ್ಲಿ ಅಂಕಿ ಬರೆದು ಪೆಟ್ಟಿಗೆಗೆ ಹಾಕೋದು. ಪೆನ್ಸಿಲ್ ನೋಡಿ ನನಗೆ ಗಾಬರಿ ಆಗಿತ್ತು, ಯಾರಾದರೂ ಅಳಿಸಿದರೆ ಅಂತ. ಪಕ್ಕದಲ್ಲಿದ್ದ ಅಜ್ಜಿ ಆರಾಮಾಗಿ ಏಳರವರೆಗೂ ಬರೆಯುತ್ತಿದ್ದರು.

ಎಣಿಕೆ ಮರುದಿನ ಶುರು ಆಗುತ್ತೆ. ಅದನ್ನು ಹತ್ತಿರದಿಂದ ನೋಡಿದ್ದೇನೆ, ಮರೆಯೋಕೆ ಆಗಲ್ಲ. ದೊಡ್ಡ ಹಾಲ್‌ನಲ್ಲಿ ಉದ್ದನೆ ಮೇಜುಗಳು, ಈಚೆ ಕಡೆ ಒಂದು ತಡೆಗೋಡೆ. ಪೆಟ್ಟಿಗೆ ತೆರೆದು ಸಿಬ್ಬಂದಿ ಕಾಗದ ಬಿಡಿಸುತ್ತಾ ಇರ್ತಾರೆ. ಗೋಡೆಗೆ ಒರಗಿದ ಪಕ್ಷದ ಹುಡುಗರು, ವಯಸ್ಸಾದವರು ಕೈಯಲ್ಲಿ ಪಟ್ಟಿ ಹಿಡಿದು, ಕಣ್ಣು ಹಾಯಿಸಿ ಯಾವ ಪೆಟ್ಟಿಗೆಯಲ್ಲಿ ಯಾರಿಗೆ ಎಷ್ಟು 1 ಅಂತ ಗೀಟು ಹಾಕುತ್ತಾ ಹೋಗ್ತಾರೆ. ಅವರನ್ನು ಟ್ಯಾಲಿಮನ್ ಅಂತಾರೆ. ಎದುರಾಳಿ ಪಕ್ಷದವರೂ ಲೆಕ್ಕ ಹಂಚಿಕೊಳ್ತಾರೆ. ಮಧ್ಯಾಹ್ನದ ಹೊತ್ತಿಗೆ ಯಾವ ಬೀದಿ ಯಾರ ಕಡೆ ಅಂತ ಅವರಿಗೆ ಗೊತ್ತಾಗಿರುತ್ತೆ, ಅಧಿಕೃತ ಫಲಿತಾಂಶ ಬರೋಕೆ ಕೆಲವು ಸಲ ದಿನಗಳೇ ಬೇಕು. ಇದರ ಮಧ್ಯೆ ಅಲ್ಲಿನ ಸರ್ಕಾರ ಒಮ್ಮೆ ಕೋಟಿಗಟ್ಟಲೆ ಯೂರೋ ಕೊಟ್ಟು ಮತಯಂತ್ರ ತಂದಿತ್ತು. ಜನ ನಂಬಲಿಲ್ಲ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದು, 2012ರಲ್ಲಿ ಸುಮಾರು 70,000 ಯೂರೋಗೆ ಗುಜರಿಗೆ ಹೋದವು.

ಪ್ರಚಾರ ಅಂದರೆ ಮನೆ ಬಾಗಿಲು ತಟ್ಟೋದು. ಮಳೆ ಇರಲಿ ಗಾಳಿ ಇರಲಿ, ಅಭ್ಯರ್ಥಿಯೇ ಬರ್ತಾರೆ, ಇಬ್ಬರು ಮೂವರು ಜೊತೆಗೆ ಇರ್ತಾರೆ. ಊಟ ಇಲ್ಲ, ಕವರ್ ಇಲ್ಲ, ಒಂದು ಕರಪತ್ರ ಕೊಡ್ತಾರೆ. ನನ್ನಂಥ ಪರದೇಶದವಳ ಬಾಗಿಲಿಗೂ ಬಂದು, ಬಸ್ಸು ಸಮಯಕ್ಕೆ ಬರುತ್ತಾ, ಬಾಡಿಗೆ ಎಷ್ಟು ಕೊಡ್ತೀರಿ ಅಂತ ಕೇಳಿ ಬರೆದುಕೊಂಡರು. ಕಂಬಕ್ಕೆ ಕಟ್ಟೋ ಪೋಸ್ಟರ್‌ಗೂ ಲೆಕ್ಕ ಇದೆ. ಮತದಾನಕ್ಕೆ 30 ದಿನ ಮುಂಚಿನಿಂದ ಮಾತ್ರ ಕಟ್ಟಬಹುದು, ಮುಗಿದ ಏಳು ದಿನದೊಳಗೆ ಇಳಿಸಬೇಕು, ಇಲ್ಲದಿದ್ದರೆ ದಂಡ.

ಇನ್ನೊಂದು ನನಗೆ ತುಂಬಾ ಇಷ್ಟ ಆಗಿದ್ದು. ಕಾನೊಲಿ ಅವರಿಗೆ ಚಿಕ್ಕಂದಿನಲ್ಲಿ ಐರಿಷ್ ಭಾಷೆ ಸರಾಗವಾಗಿ ಬರ್ತಿರಲಿಲ್ಲ. ದೊಡ್ಡವರಾದ ಮೇಲೆ ಕಷ್ಟಪಟ್ಟು ಕಲಿತರು. ಗಾಲ್ವೇ ಪಶ್ಚಿಮದಲ್ಲಿ ಕಾನಮಾರಾ ಕಡೆ ಇವತ್ತಿಗೂ ಮನೆಯಲ್ಲಿ ಐರಿಷ್ ಮಾತಾಡೋ ಹಳ್ಳಿಗಳಿವೆ. ಅಲ್ಲಿನವರ ಹತ್ತಿರ ಅವರ ಮಾತಲ್ಲೇ ಮಾತಾಡಿದರು, ಡಾಲ್‌ನಲ್ಲಿ ಐರಿಷ್‌ನಲ್ಲೇ ಭಾಷಣ ಮಾಡಿದರು, ಭಾಷೆಯ ಸಮಿತಿಗೆ ಅಧ್ಯಕ್ಷೆಯೂ ಆದರು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗು, ಶಾಲೆಯಲ್ಲಿ ಕನ್ನಡ ಅಂತ ಬೆಳೆದವಳು ನಾನು. ಇದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಗೊತ್ತು.

ಕೋಲಾರಮ್ಮನ_ಊರು:

ಮೇಷ್ಟ್ರು ಮತ ಎಣಿಕೆ ಚೆನ್ನಾಗಿ ಹೇಳಿದರು. ಆದರೆ ನನ್ನ ಪ್ರಕಾರ ಇದರ ಬೇರು ಬೇರೆ ಕಡೆ ಇದೆ. ಚುನಾವಣೆ ಹೊತ್ತಿಗೆ ಸರಿಯಾಗಿ ಬರೋದು. ಅದಿಲ್ಲದೆ ಯಾವ ಪದ್ಧತಿ ತಂದರೂ ಕೆಳಗಿನಿಂದ ಮೇಲಕ್ಕೆ ಯಾರೂ ಬರಲ್ಲ.

ಕಾನೊಲಿ ಗೆದ್ದ ವರ್ಷಗಳನ್ನೇ ನೋಡಿ. 1999, 2004, 2009, 2014. ಆಮೇಲಿನ ಕೌನ್ಸಿಲ್ ಚುನಾವಣೆಗಳೂ 2019, 2024ರಲ್ಲಿ. ಐದು ವರ್ಷ ಅಂದರೆ ಐದೇ ವರ್ಷ. ಮುಂಚೆ ಹೀಗಿರಲಿಲ್ಲ. ಅಲ್ಲೂ ಸರ್ಕಾರಗಳು ತಮಗೆ ಬೇಡವಾದಾಗ ಸ್ಥಳೀಯ ಚುನಾವಣೆ ಮುಂದೂಡುತ್ತಿದ್ದವು. 1991ರಲ್ಲಿ ಆದ ಕೌಂಟಿ ಮತ್ತು ನಗರ ಕೌನ್ಸಿಲ್ ಚುನಾವಣೆ ಮತ್ತೆ ಆಗಿದ್ದು 1999ರಲ್ಲಿ, ಎಂಟು ವರ್ಷದ ಮೇಲೆ. ಆ 1999ರ ಜೂನ್ 11ರಂದು, ಕೌನ್ಸಿಲ್‌ಗೆ ಮತ ಹಾಕಿದ ದಿನವೇ ಜನ ಸಂವಿಧಾನ ತಿದ್ದುಪಡಿಗೂ ಮತ ಹಾಕಿದರು. ಐದನೇ ವರ್ಷ ಮುಗಿಯೋದರೊಳಗೆ ಸ್ಥಳೀಯ ಚುನಾವಣೆ ಆಗಲೇಬೇಕು ಅಂತ ಸಂವಿಧಾನದಲ್ಲಿ 28ಎ ವಿಧಿ ಬಂತು. ಕಾನೊಲಿ ಮೊದಲ ಸಲ ಗೆದ್ದಿದ್ದು ಅದೇ ದಿನದ ಚುನಾವಣೆಯಲ್ಲಿ. ಆಮೇಲಿನ ಅವರ ಪೂರಾ ರಾಜಕೀಯ ಆ ಒಂದು ವಿಧಿಯ ನೆರಳಲ್ಲೇ ನಡೆಯಿತು ಅಂತ ನಾನು ಧೈರ್ಯವಾಗಿ ಹೇಳ್ತೀನಿ. 2007ರಲ್ಲಿ ಸೋತವರಿಗೆ 2009 ಬರುತ್ತೆ ಅಂತ ಗೊತ್ತಿತ್ತು. 2011ರಲ್ಲಿ ಸೋತವರಿಗೆ 2014 ಬರುತ್ತೆ ಅಂತ ಗೊತ್ತಿತ್ತು.

ನಮ್ಮ ಸಂವಿಧಾನದಲ್ಲೂ ಇದೇ ಇದೆಯಲ್ಲ! ಪಂಚಾಯಿತಿಗೆ 243ಇ, ನಗರಸಭೆಗಳಿಗೆ 243ಯು. ಅವಧಿ ಐದು ವರ್ಷ, ಮುಗಿಯೋದರೊಳಗೆ ಚುನಾವಣೆ ಆಗಬೇಕು. ಬರೆದಿರೋದು ಅಷ್ಟು ಸ್ಪಷ್ಟ. ಆದರೂ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳು ಉರುಳಿದವು, ಯಾವ ಪಕ್ಷದ ಸರ್ಕಾರ ಇದ್ದಾಗಲೂ ಯಾರೂ ಅವಸರ ಪಡಲಿಲ್ಲ. ನಿಮ್ಮ ತುಮಕೂರು ಪಾಲಿಕೆಗೂ 2018ರ ಆಗಸ್ಟ್‌ನಲ್ಲಿ ಚುನಾವಣೆ ಆಗಿದ್ದು. ಸದಸ್ಯರ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿ ಕೂತರು. ನಿಮ್ಮ ದೊಡ್ಡಮ್ಮನಂಥವರು ನಮ್ಮ ಮಾಲೂರು, ಶ್ರೀನಿವಾಸಪುರ ಕಡೆಯೂ ಎಷ್ಟೋ ಜನ ಇದ್ದಾರೆ. ಐದು ವರ್ಷ ಕೆಲಸ ಕಲಿತು, ಕಡತ ಓದೋಕೆ ಕಲಿತು, ಅಧಿಕಾರಿಯನ್ನು ಪ್ರಶ್ನೆ ಕೇಳೋಕೆ ಕಲಿತು, ಅಷ್ಟರಲ್ಲಿ ಬಾಗಿಲು ಮುಚ್ಚಿತು. ಇದನ್ನು ನೆನೆದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ದೇವೇಗೌಡರು ಹೊಳೆನರಸೀಪುರದ ತಾಲ್ಲೂಕು ಅಭಿವೃದ್ಧಿ ಮಂಡಳಿಯಿಂದ ಬಂದವರು, ಸಿದ್ದರಾಮಯ್ಯ 1978ರಲ್ಲಿ ಮೈಸೂರು ತಾಲ್ಲೂಕು ಅಭಿವೃದ್ಧಿ ಮಂಡಳಿಗೆ ಗೆದ್ದವರು. ಆ ಮೆಟ್ಟಿಲು ಹತ್ತಿ ಬಂದವರ ರಾಜ್ಯದಲ್ಲೇ ಆ ಮೆಟ್ಟಿಲು ಇಲ್ಲದಂತಾಗಿದೆ.

ಎರಡನೇ ವಿಷಯ. ಐರ್ಲೆಂಡಿನಲ್ಲಿ ಒಬ್ಬರೇ ಕೌನ್ಸಿಲರೂ ಆಗಿ ಪಾರ್ಲಿಮೆಂಟ್ ಸದಸ್ಯರೂ ಆಗಿರೋದನ್ನು 2003ರ ಕಾನೂನು ನಿಲ್ಲಿಸಿತು, 2004ರ ಸ್ಥಳೀಯ ಚುನಾವಣೆಯಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ಎರಡೂ ಕುರ್ಚಿ ಇಟ್ಟುಕೊಂಡವರು ತುಂಬಾ ಜನ. ಒಂದೇ ಏಟಿಗೆ ಊರೂರಲ್ಲಿ ಸೀಟು ಖಾಲಿ ಆಗಿ ಹೊಸಬರು ಬಂದರು. 2025ರ ರಾಷ್ಟ್ರಪತಿ ಚುನಾವಣೆಯಲ್ಲಿ ಕಾನೊಲಿ ಎದುರು ನಿಂತ ಹೆದರ್ ಹಂಫ್ರೀಸ್ ಮೊನಹನ್ ಕೌಂಟಿಯ ಕೌನ್ಸಿಲರ್ ಆಗಿದ್ದು 2003ರಲ್ಲೇ. ಇಲ್ಲಿ ನೋಡಿ, ನಗರಸಭೆ ಅಧ್ಯಕ್ಷರ ಆಯ್ಕೆಗೆ ಶಾಸಕರಿಗೂ ಸಂಸದರಿಗೂ ಮತ ಇದೆ. ಸದಸ್ಯರ ಬಲ ಸಮ ಇದ್ದಾಗ ಅವರ ಮತವೇ ಅಧ್ಯಕ್ಷರನ್ನು ತೀರ್ಮಾನ ಮಾಡುತ್ತೆ. ಹೀಗಿದ್ದರೆ ಅಲ್ಲಿ ಗೆದ್ದು ಕೂತವರಿಗೆ ತಮ್ಮದೇ ಅಂತ ದನಿ ಎಲ್ಲಿಂದ ಬರಬೇಕು?

ಶಿರಾ_ಕಡೆಯವನು:

ಎಲ್ಲ ಓದಿದೆ. ಒಪ್ಪೋದು ತುಂಬಾ ಇದೆ, ಆದರೆ ಅಲ್ಲಿನದ್ದೆಲ್ಲ ಚಿನ್ನ ಅನ್ನೋ ಹಾಗೆ ಮಾತಾಡೋದು ಬೇಡ.

ಮೊದಲನೆಯದು, ಐರ್ಲೆಂಡಿನ ಕೌನ್ಸಿಲ್‌ಗಳಿಗೆ ಅಧಿಕಾರ ತುಂಬಾ ಕಮ್ಮಿ. ಪೊಲೀಸು, ಶಾಲೆ, ಆಸ್ಪತ್ರೆ ಯಾವುದೂ ಅವರ ಕೈಯಲ್ಲಿಲ್ಲ. ರಸ್ತೆ, ಬಡವರಿಗೆ ಮನೆ, ಕಟ್ಟಡ ಪರವಾನಗಿ, ಲೈಬ್ರರಿ, ಅಗ್ನಿಶಾಮಕ ಇಷ್ಟು. ಅದರಲ್ಲೂ ದಿನನಿತ್ಯದ ತೀರ್ಮಾನ ಎಲ್ಲ ಚೀಫ್ ಎಕ್ಸಿಕ್ಯುಟಿವ್ ಅನ್ನೋ ನೌಕರನದ್ದು. ಬಜೆಟ್ ಮತ್ತು ಅಭಿವೃದ್ಧಿ ಯೋಜನೆಗೆ ಒಪ್ಪಿಗೆ ಕೊಡೋದು ಸದಸ್ಯರ ಮುಖ್ಯ ಅಧಿಕಾರ. ಮೇಯರ್ ಪದವಿ ನಮ್ಮಂತೆಯೇ ಒಂದು ವರ್ಷದ್ದು, ಸದಸ್ಯರೇ ಆರಿಸೋದು. ಜನರೇ ನೇರವಾಗಿ ಆರಿಸಿದ ಮೊದಲ ಮೇಯರ್ ಬಂದಿದ್ದು 2024ರಲ್ಲಿ, ಲಿಮರಿಕ್‌ನಲ್ಲಿ. 2014ರಲ್ಲಿ ನಮ್ಮ ಪುರಸಭೆ ಥರದ 80 ಟೌನ್ ಕೌನ್ಸಿಲ್‌ಗಳನ್ನು ಒಂದೇ ಸಲಕ್ಕೆ ರದ್ದು ಮಾಡಿದರು. ಈಗ ಇಡೀ ದೇಶಕ್ಕೆ 31 ಕೌನ್ಸಿಲ್, 949 ಸದಸ್ಯರು. ನಮ್ಮ ರಾಜ್ಯ ಒಂದರಲ್ಲೇ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಹೆಣ್ಣುಮಕ್ಕಳಿಗೆ ಅರ್ಧ ಮೀಸಲಾತಿ ಇದೆ. ಅಲ್ಲಿ ಕೌನ್ಸಿಲ್‌ಗೆ ಆ ಥರದ್ದು ಏನೂ ಇಲ್ಲ. ಡಾಲ್‌ಗೆ ಮಾತ್ರ, ಪಕ್ಷಗಳು ಇಂತಿಷ್ಟು ಮಹಿಳೆಯರಿಗೆ ಟಿಕೆಟ್ ಕೊಡದಿದ್ದರೆ ಸರ್ಕಾರಿ ಅನುದಾನ ಅರ್ಧ ಕಡಿತ ಅಂತ ನಿಯಮ ಇದೆ. 2016ಕ್ಕೆ ಶೇ 30, ಈಗ ಶೇ 40. ಪಕ್ಷೇತರರಾದ ಕಾನೊಲಿಗೆ ಅದರಿಂದ ಏನೂ ಸಿಗಲಿಲ್ಲ.

ಎರಡನೆಯದು ಕುಟುಂಬ ರಾಜಕಾರಣ. ಕೌನ್ಸಿಲರ್ ಆಗಿದ್ದವರು ಡಾಲ್‌ಗೆ ಗೆದ್ದರೆ ಅಲ್ಲಿ ಉಪಚುನಾವಣೆ ಇಲ್ಲ, ಖಾಲಿ ಸೀಟಿಗೆ ಇನ್ನೊಬ್ಬರನ್ನು ಕೌನ್ಸಿಲೇ ನೇಮಿಸಿಕೊಳ್ಳುತ್ತೆ. ಕೆರಿ ಕೌಂಟಿಯ ಹೀಲಿ-ರೇ ಮನೆತನ ನೋಡಿ. ಅಪ್ಪ ಜಾಕಿ 1973ರಿಂದ ಕೌನ್ಸಿಲರ್. 1997ರಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ ಅಂತ ಪಕ್ಷೇತರರಾಗಿ ನಿಂತು ಡಾಲ್‌ಗೆ ಗೆದ್ದರು. 2003ರಲ್ಲಿ ಕೌನ್ಸಿಲ್ ಸೀಟು ಬಿಟ್ಟಾಗ ಮಗ ಡ್ಯಾನಿ ಬಂದರು. 2011ರಲ್ಲಿ ಇನ್ನೊಬ್ಬ ಮಗ ಮೈಕಲ್ ಡಾಲ್‌ಗೆ ಹೋದಾಗ ಅವರ ಕೌನ್ಸಿಲ್ ಸೀಟಿಗೆ ಡ್ಯಾನಿಯ ಮಗ ಬಂದರು. 2016ರಲ್ಲಿ ಅಣ್ಣತಮ್ಮ ಇಬ್ಬರೂ ಒಂದೇ ಕ್ಷೇತ್ರದಿಂದ ಡಾಲ್‌ಗೆ ಗೆದ್ದರು. ನಮ್ಮ ಜಿಲ್ಲೆಯಲ್ಲಿ ನಡೆದಿದ್ದು ಅಂದರೆ ಯಾರಿಗೂ ಆಶ್ಚರ್ಯ ಆಗಲ್ಲ, ಅಲ್ವಾ?

ಪಾರ್ಲಿಮೆಂಟಿಗೆ ಹೋದ ಮೇಲೂ ಅವರು ಮಾಡೋದು ಬಹುತೇಕ ಕೌನ್ಸಿಲರ್ ಕೆಲಸವೇ. ಪ್ರತಿ ವಾರ ಊರಲ್ಲಿ ಕೂತು ಪಿಂಚಣಿ, ಗುಂಡಿ ಬಿದ್ದ ರಸ್ತೆ, ಮನೆ ಅರ್ಜಿ ನೋಡ್ತಾರೆ. ನೋಡದಿದ್ದರೆ ಅದೇ ಪಕ್ಷದ ಇನ್ನೊಬ್ಬ ಅಭ್ಯರ್ಥಿ ಅವರ ಮತ ತಿಂದುಹಾಕ್ತಾನೆ. ದೇಶದ ಕಾನೂನು ಮಾಡೋಕೆ ಕಳಿಸಿದವರು ಗುಂಡಿ ಮುಚ್ಚಿಸ್ತಾ ಕೂತರೆ ಹೇಗೆ ಅಂತ ಅಲ್ಲಿನವರೇ ಬೈಕೊಳ್ತಾರೆ.

ಮಧುಗಿರಿ_ಮೇಷ್ಟ್ರು:

ಶಿರಾದವರ ಮಾತು ನ್ಯಾಯವಾಗಿದೆ, ಆದರೆ ಆ ನೇಮಕದ ಪದ್ಧತಿಯಿಂದ ಹೊಸಬರೂ ಬಂದಿದ್ದಾರೆ. ಲಿಯೊ ವರಾಡ್ಕರ್ ಅವರನ್ನೇ ತಗೊಳ್ಳಿ. ತಂದೆ ಡಾಕ್ಟರು, ಅವರ ಮನೆತನದ ಮೂಲ ನಮ್ಮ ಪಕ್ಕದ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ವರಾಡ್ ಊರು. ಮಗ ಡಬ್ಲಿನ್‌ನಲ್ಲಿ ಮೆಡಿಕಲ್ ಓದುತ್ತಿದ್ದಾಗ, ಇಪ್ಪತ್ತನೇ ವಯಸ್ಸಿಗೆ, ಅದೇ 1999ರ ಚುನಾವಣೆಯಲ್ಲಿ ಕೌನ್ಸಿಲ್‌ಗೆ ನಿಂತರು. ಬಂದಿದ್ದು 380 ಮತ. ಹೀನಾಯ ಸೋಲು. 2003ರಲ್ಲಿ ಫಿಂಗಲ್ ಕೌಂಟಿ ಕೌನ್ಸಿಲ್‌ನ ಖಾಲಿ ಸೀಟಿಗೆ ನೇಮಕ ಆದರು. ಒಂದು ವರ್ಷ ಕೆಲಸ ಮಾಡಿ 2004ರಲ್ಲಿ ಮತ್ತೆ ಜನರ ಮುಂದೆ ಹೋದರು. ಈ ಸಲ 4,894 ಮೊದಲ ಪ್ರಾಶಸ್ತ್ಯದ ಮತ, ಆ ವರ್ಷ ಇಡೀ ದೇಶದಲ್ಲೇ ಅತಿ ಹೆಚ್ಚು. 2007ರಲ್ಲಿ ಡಾಲ್, 2011ರಲ್ಲಿ ಮಂತ್ರಿ, 2017ರಲ್ಲಿ ಪ್ರಧಾನಿ. ಕಾನೊಲಿ ಎಂಟನೇ ವರ್ಷಕ್ಕೆ ಒಮ್ಮೆ, ಹನ್ನೆರಡನೇ ವರ್ಷಕ್ಕೆ ಇನ್ನೊಮ್ಮೆ ಸೋತು ಹದಿನೇಳನೇ ವರ್ಷಕ್ಕೆ ಹೋದ ಮನೆಗೆ ಇವರು ನಾಲ್ಕೇ ವರ್ಷಕ್ಕೆ ಹೋದರು. ದೊಡ್ಡ ಪಕ್ಷ ಇದ್ದರೆ ಆಗೋ ವ್ಯತ್ಯಾಸ ಅದು, ಅದನ್ನೂ ಮುಚ್ಚಿಡೋದು ಬೇಡ.

ಕಾನೊಲಿ ಡಾಲ್‌ನಲ್ಲಿ ಕೂತ ಮೇಲೆ ಏನು ಮಾಡಿದರು ಅನ್ನೋದೂ ಮುಖ್ಯ. ಸರ್ಕಾರದ ಖರ್ಚು ಪರಿಶೀಲಿಸೋ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಇದ್ದರು. ಗಾಲ್ವೇಯ ಬಾಡಿಗೆ, ವಸತಿ ಸಮಸ್ಯೆ ಬಗ್ಗೆ ಬಿಡದೆ ಮಾತಾಡಿದರು. 2020ರ ಜುಲೈನಲ್ಲಿ ಡಾಲ್‌ನ ಉಪಸಭಾಧ್ಯಕ್ಷೆ ಆದರು, ಆ ಹುದ್ದೆಗೆ ಬಂದ ಮೊದಲ ಮಹಿಳೆ. ಗುಪ್ತ ಮತದಾನದಲ್ಲಿ, ಸರ್ಕಾರದ ಕಡೆಯ ಅಭ್ಯರ್ಥಿಯನ್ನು ಸೋಲಿಸಿ. ಕೌನ್ಸಿಲ್ ಸಭೆಗಳಲ್ಲಿ ಅಜೆಂಡಾ, ನಿಯಮ, ಟಿಪ್ಪಣಿ ಅಂತ ಹದಿನೇಳು ವರ್ಷ ಕೂತವರಿಗೆ ಸಭೆ ನಡೆಸೋದು ಹೊಸದಲ್ಲ.

ಕ್ಯಾತ್ಸಂದ್ರ_ಹೆಣ್ಮಗಳು:

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೊಡ್ಡಮ್ಮನಿಗೆ ಓದಿ ಹೇಳಿದೆ. ಕೋಲಾರದವರು ಬರೆದಿದ್ದನ್ನು ಎರಡು ಸಲ ಓದಿಸಿಕೊಂಡರು.

ಎರಡು ಸಣ್ಣ ಪ್ರಶ್ನೆ ಉಳಿದಿವೆ. ದುಡ್ಡಿನ ವಿಷಯ ಅಲ್ಲಿ ಹೇಗೆ? ಮತ್ತೆ ಪಕ್ಷ ಇಲ್ಲದ ಕೌನ್ಸಿಲರ್ ಯಾವ ವಿಷಯ ಹಿಡಿದರೆ ಜನ ಗುರುತಿಸ್ತಾರೆ?

ಗೌರಿಬಿದನೂರು_ಟು_ಗಾಲ್ವೇ:

ದುಡ್ಡಿನದ್ದು ನಾನು ಹೇಳ್ತೀನಿ. ಪಕ್ಷೇತರರು ಕೌನ್ಸಿಲ್‌ಗೆ ನಿಲ್ಲಬೇಕಾದರೆ 15 ಮತದಾರರ ಸಹಿ ಅಥವಾ 100 ಯೂರೋ ಠೇವಣಿ. ಡಾಲ್‌ಗೆ 30 ಸಹಿ ಅಥವಾ 500 ಯೂರೋ. ಸಹಿ ತಂದರೆ ಠೇವಣಿಯೇ ಬೇಡ. ಕಾನೊಲಿ ಗೆದ್ದ 2016ರಲ್ಲಿ ಐದು ಸೀಟಿನ ಕ್ಷೇತ್ರಕ್ಕೆ ಖರ್ಚಿನ ಮಿತಿ 45,200 ಯೂರೋ. ಆಗ ಕೋಟಾದ ಕಾಲು ಭಾಗ ಮತ ಬಂದರೆ 8,700 ಯೂರೋವರೆಗೆ ಖರ್ಚು ಸರ್ಕಾರವೇ ವಾಪಸ್ ಕೊಡುತ್ತಿತ್ತು. ಸೋತರೂ ಕೊಡುತ್ತಿತ್ತು! ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ವರ್ಷಕ್ಕೆ 1,000 ಯೂರೋಗಿಂತ ಜಾಸ್ತಿ ದೇಣಿಗೆ ಕೊಡೋ ಹಾಗಿಲ್ಲ. ಕೌನ್ಸಿಲರ್‌ಗಳಿಗೆ ಸಂಬಳವೂ ಇದೆ. 2021ರಲ್ಲಿ ಅದು ವರ್ಷಕ್ಕೆ 25,788 ಯೂರೋ ಆಯಿತು, ಅದಕ್ಕೂ ಮುಂಚೆ ಇನ್ನೂ ಕಮ್ಮಿ ಇತ್ತು. ಅದರಲ್ಲಿ ಸಂಸಾರ ನಡೆಸೋದು ಕಷ್ಟ. ಹೆಚ್ಚಿನವರು ಬೇರೆ ಕೆಲಸ ಮಾಡಿಕೊಂಡೇ ಕೌನ್ಸಿಲರ್ ಆಗಿರ್ತಾರೆ. ನಿಮ್ಮ ಈಗಿನ ಕೆಲಸ ಬಿಡಬೇಡಿ.

ಕೋಲಾರಮ್ಮನ_ಊರು:

ಎರಡನೇ ಪ್ರಶ್ನೆಗೆ ನನ್ನ ಉತ್ತರ ನೀರು. 2007ರಲ್ಲಿ ಗಾಲ್ವೇ ನಗರದ ನಲ್ಲಿ ನೀರಿಗೆ ಕ್ರಿಪ್ಟೊಸ್ಪೊರಿಡಿಯಂ ಅನ್ನೋ ರೋಗಾಣು ಸೇರಿ ನೂರಾರು ಜನಕ್ಕೆ ವಾಂತಿಭೇದಿ ಆಯಿತು. ತಿಂಗಳುಗಟ್ಟಲೆ ಕುದಿಸಿ ಕುಡೀರಿ ಅಂತ ಆದೇಶ. ಆಗ ಕೌನ್ಸಿಲರ್ ಆಗಿದ್ದ ಪ್ರತಿಯೊಬ್ಬರೂ ಜನರಿಗೆ ಉತ್ತರ ಕೊಡಬೇಕಾಯಿತು. ನಮ್ಮಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬಿಡೋ ನೀರು, 2018ರಿಂದ ಕೋಲಾರದ ಕೆರೆಗಳಿಗೆ ಬರ್ತಿದೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ರೈತರು ಅಂದಿನಿಂದ ಕೇಳ್ತಾನೇ ಇದ್ದಾರೆ. ಕೆರೆ ತುಂಬಿದ್ದು ಸಂತೋಷ, ಆದರೆ ನೀರಿನ ಪರೀಕ್ಷೆಯ ವರದಿ ತರಿಸಿ ಊರಿಗೆ ಓದಿ ಹೇಳೋ ಒಬ್ಬ ಸದಸ್ಯರಿದ್ದರೆ ಅವರನ್ನು ಜನ ಮರೆಯಲ್ಲ. ನಿಮಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತೆ. ನಿಮ್ಮ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡ್ತಾರೆ, ಯಾವ ಬೀದಿಯ ಪೈಪ್ ಯಾವಾಗ ಹಾಕಿದ್ದು, ಪರೀಕ್ಷೆ ಯಾವಾಗ ಆಯಿತು, ಇಷ್ಟನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ. ಉತ್ತರ ಬಂದದ್ದನ್ನು ನಲ್ಲಿ ಹತ್ತಿರ ನಿಂತು ಹೇಳಿ.

ಇನ್ನೊಂದು, ತಡ ಮಾಡಬೇಡಿ. ಮತದಾರರ ಪಟ್ಟಿಯಲ್ಲಿ ನಿಮ್ಮ ವಾರ್ಡಿನ ಹೆಸರುಗಳನ್ನು ಈಗಲೇ ಮನೆ ಮನೆಗೆ ಹೋಗಿ ಸರಿ ನೋಡಿ. 35 ವಾರ್ಡಿನ ಗಡಿ ಮತ್ತು ಮೀಸಲಾತಿಯ ಕರಡು ಪಟ್ಟಿ ಹೊರಬಿದ್ದಾಗ ಆಕ್ಷೇಪಣೆಗೆ ಕೊಡೋ ದಿನ ತುಂಬಾ ಕಮ್ಮಿ ಇರುತ್ತೆ. ಅಷ್ಟರಲ್ಲಿ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಬೇಕು. ಆ ಅರ್ಜಿ ಬರೆಯೋಕೆ ಸಹಾಯ ಬೇಕಾದರೆ ಇಲ್ಲೇ ಕೇಳಿ, ನಾನು ಬರೆದುಕೊಡ್ತೀನಿ. ದೊಡ್ಡಮ್ಮನನ್ನೂ ಮನೆ ಮನೆಗೆ ಜೊತೆಗೆ ಕರ್ಕೊಂಡು ಹೋಗಿ, ಆ ಕೆಲಸ ಅವರಿಗಿಂತ ಚೆನ್ನಾಗಿ ಗೊತ್ತಿರೋರು ನಿಮಗೆ ಸಿಗಲ್ಲ.